ಮಾವನ ಸ್ವಂತ ಸಹಿಯ ಸರ್ಟಿಫಿಕೇಟು

ನನ್ನ ಸೋದರಮಾವನನ್ನು ಜಗತ್ತಿನ ಯಾವ ಕಂಪ್ಯೂಟರೂ ನಂಬುವುದಿಲ್ಲ. ಇದು ಸೊಸೆಯಾದ ನಾನು ಹೊಟ್ಟೆಕಿಚ್ಚಿನಿಂದ ಹೇಳುವ ಮಾತಲ್ಲ. ಕಂಪ್ಯೂಟರುಗಳೇ ಹಾಗೆನ್ನುತ್ತವೆ, ಅದೂ ಕೆಂಪು ಬಣ್ಣದ ಎಚ್ಚರಿಕೆಯ ಗುರುತು ಹಾಕಿ. ಮನುಷ್ಯರ ವಿಷಯ ಬೇರೆ. ಸಿದ್ಧಕಟ್ಟೆಯ ಸುತ್ತಮುತ್ತ ಮಾವನ ಬಾಯಿಮಾತಿಗೆ ಮದುವೆ ನಿಶ್ಚಯ ಮಾಡಿದವರಿದ್ದಾರೆ, ಬೇಲಿ ಸರಿಸಿದವರಿದ್ದಾರೆ. ಅಂಥ ಮಾವನ ಮೇಲೆ ಮೊಬೈಲು ಫೋನೊಂದು ಸಂಶಯ ಪಡುವುದೆಂದರೆ ಏನರ್ಥ?

ಅರ್ಥ ಹೇಳಬೇಕಾದರೆ ಉಗ್ರಾಣದಿಂದ ಶುರು ಮಾಡಬೇಕು. ಮಾವ ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಲೆಕ್ಕ ಹೇಳಿಕೊಡಲು ಮನೆಯಲ್ಲಿ ಅತ್ತೆಯೊಬ್ಬರೇ ಉಳಿದರು. ಅತ್ತೆ ಮೊದಲ ವಾರದಲ್ಲೇ ಪಾಸಾಗಿ ಅಡುಗೆಮನೆಗೆ ಹೊರಟುಹೋದರು. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಲ್ಯಾಬಿನಲ್ಲಿ ಬೇಡವೆಂದು ತೆಗೆದಿಟ್ಟ ಕಂಪ್ಯೂಟರೊಂದನ್ನು ಕೇಳಿ ಪಡೆದು, ಹೊತ್ತು ಹೋಗಲಿ ಎಂದು ಮಾವನಿಗೆ ತಂದುಕೊಟ್ಟೆ. ಅದು ನನ್ನ ತಪ್ಪು. ಮಾವ ಅದನ್ನು ಮನೆಯಲ್ಲೇ ತಂಪಾದ ಜಾಗವೆಂದು ಉಗ್ರಾಣದಲ್ಲಿ, ಮಿಡಿ ಉಪ್ಪಿನಕಾಯಿಯ ಭರಣಿಗಳ ಪಕ್ಕ ಇಟ್ಟು, ಅದರಲ್ಲಿ ಚೆನ್ನೆಮಣೆ ಆಡಿಸಲು ಶುರು ಮಾಡಿದರು.

ಚೆನ್ನೆಮಣೆ ಗೊತ್ತಲ್ಲ? ಮರದ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಎದುರುಬದುರು ಕೂತು ಕಾಯಿ ಹಂಚುತ್ತಾ ಹೋಗುವುದು, ಸಿಕ್ಕಿದ್ದನ್ನು ಬಾಚಿಕೊಳ್ಳುವುದು. ನಮ್ಮ ಕಡೆ ಇದನ್ನು ಜಡಿಮಳೆಯ ಆಟಿ ತಿಂಗಳಲ್ಲಿ ಮಾತ್ರ ಆಡುವುದು. ಆಟಿ ಮುಗಿದರೆ ಮಣೆ ಅಟ್ಟಕ್ಕೆ. ಈಗ ನೆಂಟರೆಲ್ಲ ಒಬ್ಬೊಬ್ಬರು ಒಂದೊಂದು ಊರಿನಲ್ಲಿರುವುದರಿಂದ ಎದುರು ಕೂರುವವರಿಲ್ಲ. ಅದಕ್ಕೆ ಮಾವ, ಯಾರು ಎಲ್ಲಿದ್ದರೂ ಫೋನಿನಲ್ಲಿ ಒಂದು ಪುಟ ತೆರೆದು ಇನ್ನೊಬ್ಬರ ಜೊತೆ ಆಡುವ ಹಾಗೆ ನನ್ನನ್ನು ಕೇಳಿ ಕೇಳಿ ಕಲಿತು ಮಾಡಿದರು. ಆಟ ನಡೆಯುವುದು ಉಗ್ರಾಣದ ಕಂಪ್ಯೂಟರಿನಲ್ಲಿ. ನಾವು ಸರ್ವರ್ ಎನ್ನುತ್ತೇವೆ. ಅತ್ತೆ ಅದನ್ನು 'ಮಣೆ' ಎಂದೇ ಕರೆಯುತ್ತಾರೆ.

ಆಟಿಯ ಮೊದಲ ದಿನ ಮಾವ ಅದಕ್ಕೆ ದೀಪ ತೋರಿಸಿ ಸ್ವಿಚ್ ಹಾಕುತ್ತಾರೆ. ಆಟಿ ಮುಗಿದ ದಿನ ಸ್ವಿಚ್ ತೆಗೆದು ಮೇಲೊಂದು ಬೈರಾಸು ಬಟ್ಟೆ ಹೊದಿಸುತ್ತಾರೆ. ಉಳಿದ ತಿಂಗಳು ಅದು ಉಪ್ಪಿನಕಾಯಿಯ ಜೊತೆ ವಿಶ್ರಾಂತಿಯಲ್ಲಿರುತ್ತದೆ. ಅಕ್ಕ ತಂಗಿ ಎದುರುಬದುರು ಚೆನ್ನೆ ಆಡಬಾರದು, ಆಡಿದರೆ ಕೆಡುಕು ಎಂಬ ನಂಬಿಕೆ ನಮ್ಮಲ್ಲುಂಟು. ಮಾವ ಅದನ್ನೂ ಸರ್ವರಿಗೆ ಹೇಳಿಕೊಟ್ಟಿದ್ದಾರೆ. ಹೆಂಗಸರು ಹೆಸರು ನೋಂದಾಯಿಸುವಾಗ ಅದು ಪಾಸ್‌ವರ್ಡ್ ಕೇಳುವ ಮೊದಲು ಅಕ್ಕ ಯಾರು, ತಂಗಿ ಯಾರು ಎಂದು ಕೇಳುತ್ತದೆ.

ಎಲ್ಲ ಸರಿಯಾಗಿತ್ತು. ಒಂದು ದಿನ ಕಲ್ಲಡ್ಕದ ನೆಂಟರೊಬ್ಬರು ಫೋನು ಮಾಡಿ, "ಮಾಸ್ಟ್ರೇ, ನಿಮ್ಮ ಚೆನ್ನೆಯ ಪುಟದ ಮೇಲೆ ಸಣ್ಣ ಅಕ್ಷರದಲ್ಲಿ 'ಸುರಕ್ಷಿತವಲ್ಲ' ಅಂತ ಬರ್ತದಲ್ಲ, ಅದೆಂತದು?" ಎಂದು ಕೇಳಿದರು.

ಮಾವನಿಗೆ ಆ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ನನ್ನನ್ನು ಕರೆಸಿದರು. ನಾನು ಸಮಾಧಾನದಿಂದ ವಿವರಿಸಿದೆ. ಪುಟಕ್ಕೊಂದು ಸರ್ಟಿಫಿಕೇಟು ಹಾಕಿದರೆ ಮಾತುಕತೆಯೆಲ್ಲ ಗುಟ್ಟಾಗಿ ಹೋಗುತ್ತದೆ, ನಡುವೆ ಯಾರೂ ಕದ್ದು ನೋಡುವ ಹಾಗಿಲ್ಲ. ಸರ್ಟಿಫಿಕೇಟು ಕೊಡುವ ಸಂಸ್ಥೆಗಳು ಉಂಟು. ಪುಕ್ಕಟೆಯಾಗಿಯೇ ಕೊಡುತ್ತಾರೆ. ಪುಟದ ವಿಳಾಸಕ್ಕೊಂದು ಹೆಸರು ಕೊಂಡುಕೊಂಡರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೆಲಸವಾಗುತ್ತದೆ.

"ಎಲ್ಲಿಯವರು ಅವರು?" ಎಂದರು ಮಾವ.

"ಹೊರದೇಶದವರು ಮಾವ."

"ನಮ್ಮ ಮನೆಗೆ ಬಂದಿದ್ದಾರಾ?"

"ಇಲ್ಲ."

"ನನ್ನ ಅಪ್ಪ ಯಾರು ಅಂತ ಗೊತ್ತುಂಟಾ ಅವರಿಗೆ?"

"ಗೊತ್ತಿರಲಿಕ್ಕಿಲ್ಲ."

"ಮತ್ತೆ ನಾನು ಒಳ್ಳೆಯವ ಅಂತ ಅವರು ಹೇಗೆ ಬರೆದು ಕೊಡ್ತಾರೆ? ನಾಳೆ ಕಳ್ಳನಿಗೂ ಹೀಗೆಯೇ ಕೊಡುವುದಿಲ್ಲವಾ?"

ಬೇಕಾದರೆ ನಮ್ಮ ಸರ್ಟಿಫಿಕೇಟಿಗೆ ನಾವೇ ಸಹಿ ಹಾಕಿಕೊಳ್ಳುವ ದಾರಿಯೂ ಉಂಟು ಎಂದು ಬಾಯಿತಪ್ಪಿ ಹೇಳಿದೆ. ಅದು ನನ್ನ ಎರಡನೆಯ ತಪ್ಪು. ಮಾವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ಕಂಪ್ಯೂಟರು ಒಂದೊಂದಾಗಿ ಪ್ರಶ್ನೆ ಕೇಳಿತು. ದೇಶ, ರಾಜ್ಯ, ಊರು ಆಯಿತು. ಸಂಸ್ಥೆ ಯಾವುದು ಎಂದಾಗ ಮಾವ ಮನೆಯ ಹೆಸರು ಬರೆಸಿದರು. ಸಂಸ್ಥೆಯ ವಿಭಾಗ ಯಾವುದು ಎಂದು ಕೇಳಿತು. ಮಾವ ಸ್ವಲ್ಪ ಯೋಚಿಸಿ, "ಉಗ್ರಾಣ ಅಂತ ಹಾಕು. ಸುಳ್ಳು ಬೇಡ" ಎಂದರು. ಎಷ್ಟು ದಿನದವರೆಗೆ ಈ ಸರ್ಟಿಫಿಕೇಟು ನಡೆಯಬೇಕು ಎಂದು ಕೇಳಿದಾಗ ನಾನು ಹತ್ತು ವರ್ಷ ಹಾಕುವ ಎಂದೆ. ಮಾವ ಒಪ್ಪಲಿಲ್ಲ. ಯಾವ ಮನುಷ್ಯನನ್ನೂ ಒಂದೇ ಸಲಕ್ಕೆ ಅಷ್ಟು ನಂಬಬಾರದಂತೆ. ವರ್ಷಕ್ಕೊಮ್ಮೆ ಹೊಸತು ಮಾಡುವ ಎಂದರು. ಹಾಗೆ ನನ್ನ ಮಾವ ಒಳ್ಳೆಯವರೆಂದು ನನ್ನ ಮಾವನೇ ಬರೆದುಕೊಟ್ಟ ಪ್ರಮಾಣಪತ್ರ ತಯಾರಾಯಿತು.

ಆದರೆ ಇಂಥ ಸರ್ಟಿಫಿಕೇಟಿಗೆ ಒಂದು ದೋಷ ಉಂಟು. ನನಗೆ ನಾನೇ ಸಾಕ್ಷಿ ಎಂದರೆ ಫೋನುಗಳು ಕೇಳುವುದಿಲ್ಲ. ಪ್ರತಿಯೊಬ್ಬರ ಫೋನಿಗೂ ಮೊದಲೇ ಆ ಸರ್ಟಿಫಿಕೇಟಿನ ಪ್ರತಿ ಹಾಕಿ, ಇವರು ನಮ್ಮವರು ಎಂದು ಪರಿಚಯ ಮಾಡಿಸಿಡಬೇಕು. ಅದಕ್ಕೊಂದು ಬೆರಳಚ್ಚು ಇರುತ್ತದೆ, ಅಂಕೆ ಅಕ್ಷರ ಬೆರೆತ ಉದ್ದದ ಸಾಲು. ಕೊಟ್ಟವರ ಕೈಯಲ್ಲಿರುವ ಬೆರಳಚ್ಚು, ಫೋನು ತೋರಿಸುವ ಬೆರಳಚ್ಚು ಎರಡೂ ಒಂದೇ ಎಂದು ತಾಳೆ ನೋಡಬೇಕು. ಇದನ್ನೆಲ್ಲ ವಾಟ್ಸಾಪ್‌ನಲ್ಲಿ ಕಳಿಸಿಬಿಡುವ ಎಂದೆ.

"ವಾಟ್ಸಾಪಿನಲ್ಲಿ ಮದುವೆಯ ಹೇಳಿಕೆ ಬಂದರೆ ನೀನು ಊಟಕ್ಕೆ ಹೋಗ್ತೀಯಾ?" ಎಂದರು ಮಾವ.

ಅಲ್ಲಿಗೆ ತೀರ್ಮಾನವಾಯಿತು. ನಮ್ಮಲ್ಲಿ ಮದುವೆಗೆ ಕಾಗದ ಎಷ್ಟು ಅಚ್ಚು ಹಾಕಿಸಿದರೂ ಹೇಳಿಕೆ ಎಂದರೆ ಮನೆಮನೆಗೆ ಹೋಗಿ ಬಾಯಿಬಿಟ್ಟು ಕರೆಯುವುದೇ. ಮಾವ ಪ್ರತಿ ವರ್ಷ ಆಟಿ ಹುಟ್ಟುವ ಮೊದಲು ಬಿಳಿ ಪಂಚೆ ಉಟ್ಟು, ಪೆನ್‌ಡ್ರೈವನ್ನು ಎಲೆಯಡಿಕೆಯ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತತೊಡಗಿದರು. ಫೋನಿಗೆ ಚುಚ್ಚುವ ಸಣ್ಣ ತುಂಡು ವಯರೂ ಅದೇ ಚೀಲದಲ್ಲಿ. ಜೊತೆಗೆ ನಾನು, ಒತ್ತುವುದೆಲ್ಲ ಒತ್ತಲಿಕ್ಕೆ.

ಒಂದೊಂದು ಮನೆಯಲ್ಲೂ ಒಂದೇ ಕ್ರಮ. ಮೊದಲು ಬೆಲ್ಲ ನೀರು. ಮತ್ತೆ ಮಳೆ, ಅಡಿಕೆಯ ಕೊಳೆರೋಗ, ಯಾರ ಮಗಳಿಗೆ ಎಲ್ಲಿ ಸಂಬಂಧ, ಇವು ಮುಗಿಯಬೇಕು. ಆಮೇಲೆ ಮನೆಯ ಯಜಮಾನ ಫೋನು ಹಿಡಿದು ಪೂರ್ವಕ್ಕೆ ಮುಖ ಮಾಡಿ ಕೂರಬೇಕು. ಪೂರ್ವ ಯಾಕೆ ಎಂದು ನಾನು ಕೇಳಿಲ್ಲ. ಮಾವ ಕನ್ನಡಕ ಏರಿಸಿ ಬೆರಳಚ್ಚನ್ನು ಗಟ್ಟಿಯಾಗಿ ಓದುತ್ತಾರೆ: "ಎ ನಾಲ್ಕು, ಒಂಬತ್ತು ಎಫ್, ಸೊನ್ನೆ ಸಿ..." ಯಜಮಾನ ಪ್ರತಿ ಜೋಡಿಗೂ 'ಹೌದು' ಎನ್ನಬೇಕು. ಕಲ್ಲಡ್ಕದ ಮನೆಯಲ್ಲಿ ಒಳಗಿನಿಂದ ಇದನ್ನು ಕೇಳಿಸಿಕೊಂಡ ಅಜ್ಜಿ ಸಂಕಲ್ಪ ನಡೆಯುತ್ತಿದೆಯೆಂದು ತಿಳಿದು, ಬಂದು ಫೋನಿನ ಮೇಲೆ ಅಕ್ಷತೆ ಹಾಕಿ ಕೈಮುಗಿದು ಹೋದರು. ಮಾವ ಓದು ನಿಲ್ಲಿಸಲಿಲ್ಲ. ಇನ್ನೊಂದು ಮನೆಯವರು ಬೇಗ ಮುಗಿಯಲೆಂದು ನೋಡದೆಯೇ ಹೌದು ಹೌದು ಎನ್ನುತ್ತಿದ್ದರು. ಮಾವ ನಡುವೆ ಬೇಕೆಂದೇ ಒಂದು ತಪ್ಪು ಅಕ್ಷರ ಓದಿದರು. ಅದಕ್ಕೂ ಹೌದು ಎಂಬ ಉತ್ತರ ಬಂತು. ಅವರು ಮತ್ತೆ ಮೊದಲಿನಿಂದ ಹೇಳಬೇಕಾಯಿತು, ಈ ಸಲ ನಿಂತುಕೊಂಡು.

ಮೂಡುಬಿದಿರೆಯಲ್ಲಿ ನಮ್ಮ ಕಾಲೇಜಿನ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ಚೆನ್ನೆ ಕಲಿಯುವ ಆಸೆಯಿಂದ, "ಸರ್, ಲಿಂಕ್ ಕಳಸ್ರಿ, ನಾನ ಹಾಕ್ಕೋತೀನಿ" ಎಂದಳು. ಮಾವ ಅವಳಿಗೆ ಊರು ಯಾವುದು, ತಂದೆ ಏನು ಮಾಡುತ್ತಾರೆ, ಹಾಸ್ಟೆಲಿನ ಊಟ ಹೇಗೆ ಎಂದು ವಿಚಾರಿಸಿದರು. ಹಾಸ್ಟೆಲಿನ ಬಾಗಿಲಲ್ಲೇ ನಿಂತು ಪೂರ್ತಿ ಬೆರಳಚ್ಚು ಓದಿದರು. ಅವಳು ಮಾತ್ರ ಒಂದಕ್ಕೂ ತಪ್ಪದೆ ಎಚ್ಚರದಿಂದ ತಾಳೆ ನೋಡಿದಳು. ಬಸ್ಸಿನಲ್ಲಿ ಮಾವ ದಾರಿಯುದ್ದಕ್ಕೂ ಅವಳನ್ನೇ ಹೊಗಳುತ್ತಿದ್ದರು. ನಾನು ಹದಿನೈದು ವರ್ಷದ ಸರ್ವಿಸಿನವಳು ಪಕ್ಕದಲ್ಲೇ ಕೂತಿದ್ದೆ.

ಇಷ್ಟೆಲ್ಲ ಓಡಾಟದಲ್ಲಿ ಮಾವ ಹೋಗದ ಮನೆ ಒಂದಿತ್ತು. ಅದು ಬೆಳ್ತಂಗಡಿಯದ್ದು.

ನಮ್ಮಲ್ಲಿ ಮನುಷ್ಯರನ್ನು ಊರಿನ ಹೆಸರಿನಲ್ಲೇ ಕರೆಯುವುದು. ಬೆಳ್ತಂಗಡಿ ಎಂದರೆ ಅತ್ತೆಯ ತಮ್ಮ, ಮಾವನಿಗೆ ಭಾವಮೈದುನ. ಹೇಳಿಕೆಗೆ ಹೊರಟರೆ ಮೊದಲು ಹೋಗಬೇಕಾದ್ದು ಹೆಂಡತಿಯ ತವರಿಗೆ. ಅದು ನಮ್ಮ ಮನೆತನದ ಕ್ರಮ. ಮಾವ ಎಲ್ಲ ಕ್ರಮ ಪಾಲಿಸಿ ಇದೊಂದನ್ನು ಬಿಟ್ಟಿದ್ದರು. ಬಿಟ್ಟದ್ದಕ್ಕೆ ಕಾರಣ ಕಾಯಿಹಾಲು.

ಬೆಳ್ತಂಗಡಿಯವರ ಮಗಳ ಮದುವೆಯಲ್ಲಿ ಬೆಳಗ್ಗೆಯೇ ಕಲ್ಯಾಣಮಂಟಪದ ರುಬ್ಬುವ ಯಂತ್ರ ಕೆಟ್ಟಿತು. ಹೋಳಿಗೆಯ ಮೇಲೆ ಹೊಯ್ಯುವ ತೆಂಗಿನ ಕಾಯಿಹಾಲು ಎಲ್ಲಿಂದ? ಮಾವ ಎದ್ದು ನಿಂತು, "ಅದು ನನಗೆ ಬಿಡಿ. ಮೊದಲ ಪಂಕ್ತಿಗೆ ಬರ್ತದೆ" ಎಂದರು. ಪರಿಚಯದವರ ಮನೆಯಲ್ಲಿ ರುಬ್ಬಿಸಿ ಜೀಪಿನಲ್ಲಿ ತರುವಾಗ ಟಯರು ಪಂಕ್ಚರಾಯಿತು. ಗಂಡಿನ ಕಡೆಯವರು ಕೂತ ಮೊದಲ ಪಂಕ್ತಿಯೇ ಹೋಳಿಗೆಯನ್ನು ಬರಿದೆ ತಿಂದು ಎದ್ದಿತು. ಆಗ ಮಾವ ಎರಡೂ ಕೈಯಲ್ಲಿ ಕಾಯಿಹಾಲಿನ ಪಾತ್ರೆ ಹಿಡಿದು ಒಳಗೆ ಬಂದರು. ಮಗಳ ಮದುವೆಯ ಗಡಿಬಿಡಿ, ಬೀಗರೆದುರು ನಾಚಿಕೆ, ಬೆಳ್ತಂಗಡಿಯವರ ಬಾಯಿಂದ ಎಲ್ಲರಿಗೂ ಕೇಳುವಂತೆ ಮಾತು ಬಂತು: "ನಮ್ಮ ಭಾವನನ್ನು ನಂಬಿದರೆ ಹೀಗೇ. ಇನ್ನು ಯಾರೂ ನಂಬಬೇಡಿ."

ಮಾವ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟರು. ಊಟ ಮಾಡದೆ ಬಸ್ಸು ಹತ್ತಿ ಮನೆಗೆ ಬಂದರು. ಆಮೇಲೆ ಎಷ್ಟೋ ಆಟಿ ಬಂದು ಹೋಯಿತು, ಇಬ್ಬರಲ್ಲಿ ಮಾತಿಲ್ಲ. ಮಾವ ಬಂಟ್ವಾಳದಲ್ಲಿ ಬೆಳ್ತಂಗಡಿ ಎಂದು ಬೋರ್ಡಿರುವ ಬಸ್ಸಿನ ಕಡೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಅತ್ತೆ ತವರಿಗೆ ಒಬ್ಬರೇ ಹೋಗಿ ಬರುತ್ತಿದ್ದರು. ಹೋಗುವಾಗ ಪ್ರತಿ ಸಲವೂ, "ನೀವು ಬರ್ತೀರಾ?" ಎಂದು ಕೇಳುತ್ತಿದ್ದರು. ಮಾವ ಪ್ರತಿ ಸಲವೂ, "ಉಗ್ರಾಣದಲ್ಲಿ ಕೆಲಸ ಉಂಟು" ಎನ್ನುತ್ತಿದ್ದರು. ಅತ್ತೆ ತಮಾಷೆಯ ಹೆಂಗಸು. ನಮ್ಮನ್ನೆಲ್ಲ ನಗಿಸುತ್ತಾರೆ. ಆದರೆ ತವರಿನಿಂದ ತಿರುಗಿ ಬಂದ ದಿನ ಮಾತ್ರ ಅವರು ಯಾರನ್ನೂ ನಗಿಸುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಅವರಿಗೆ ಬೇಕಾದ್ದು ಒಂದೇ. ಗಂಡ ಒಮ್ಮೆ ತಮ್ಮನ ಮನೆಯ ಮೆಟ್ಟಿಲು ಹತ್ತಬೇಕು.

ಹೋದ ವರ್ಷದ ಆಟಿಯಲ್ಲಿ ಚೆನ್ನೆಯ ಪುಟಕ್ಕೆ ಹೊಸಬರೊಬ್ಬರು ಬಂದರು. ಹೆಸರು 'ಪರವೂರಿನವ'. ಮಧ್ಯಾಹ್ನದ ಊಟ ಆಗಿ ಸ್ವಲ್ಪ ಹೊತ್ತಿಗೆ ಬರುವುದು, ಮಾವನ ಜೊತೆಯೇ ಆಡುವುದು, ಸೋತು ಹೋಗುವುದು. ಬೇರೆ ಯಾರು ಕರೆದರೂ ಆಡುವುದಿಲ್ಲ.

"ಯಾರು ಮಾವ ಇವರು?" ಎಂದು ನಾನು ಕೇಳಿದೆ.

"ಕಾರ್ಕಳದ ಕಡೆಯವ ಇರಬೇಕು" ಎಂದರು ಮಾವ, ಪರದೆಯಿಂದ ಕಣ್ಣು ತೆಗೆಯದೆ.

ಅತ್ತೆ ಬಾಗಿಲಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆ ಒರೆಸುತ್ತಿದ್ದರು. ಕತ್ತು ಚಾಚಿ ಪರದೆ ನೋಡಿದರು. "ಎಡಗಡೆಯ ಮೂಲೆಯ ಗುಳಿಯಿಂದಲೇ ಶುರು ಮಾಡ್ತಾರಲ್ಲ ಆ ಕಾರ್ಕಳದವರು? ಪ್ರತಿ ಸಲವೂ?"

"ಹೌದು."

"ಹಾಗೆ ಶುರು ಮಾಡಿದರೆ ಸೋಲ್ತೀ ಅಂತ ಅಮ್ಮ ಎಷ್ಟು ಹೇಳಿದರೂ ಅವನು ಕಲಿಯಲಿಲ್ಲ" ಎಂದು ಅತ್ತೆ ಎಲೆ ಒರೆಸಿದರು.

ಮಾವನಿಗೆ ಮೊದಲ ದಿನದಿಂದ ಗೊತ್ತಿತ್ತು ಎಂಬುದು ಅವರ ಕಿವಿ ಕೆಂಪಾದದ್ದರಲ್ಲೇ ತಿಳಿಯಿತು. ಪುಟದ ವಿಳಾಸವನ್ನು ತಮ್ಮನಿಗೆ ಕೊಟ್ಟವರು ಅತ್ತೆಯೇ ಎಂಬುದೂ ಆ ಹೊತ್ತಿಗೆ ಹೊರಬಂತು. ಅದನ್ನು ಯಾರೂ ಕೇಳಲಿಲ್ಲ, ಅವರೇ ಎಲೆಗಳಿಗೆ ಹೇಳಿದರು.

ಇದಾಗಿ ಒಂದು ವಾರಕ್ಕೆ ನಾನು ಹೊಸ ಫೋನು ತೆಗೆದುಕೊಂಡು ಮಾವನ ಮನೆಗೆ ಹೋದೆ. ಅದಕ್ಕೆ ಸರ್ಟಿಫಿಕೇಟು ಹಾಕಿರಲಿಲ್ಲ. ಮಾತಾಡುತ್ತಾ ಮರೆತು ಚೆನ್ನೆಯ ಪುಟ ತೆರೆದೆ. ಕೆಂಪು ಗುರುತು ಬಂತು.

"ಅದೆಂತದು? ನೋಡುವ, ಕೊಡು" ಎಂದರು ಮಾವ.

ಆಗಲೇ ನನಗೆ ಹೊಳೆದದ್ದು, ಮಾವ ಈ ಎಚ್ಚರಿಕೆಯನ್ನು ಈವರೆಗೆ ಕಣ್ಣಾರೆ ನೋಡಿಯೇ ಇರಲಿಲ್ಲ! ಅವರು ಮುಟ್ಟಿದ ಎಲ್ಲ ಯಂತ್ರಗಳಿಗೂ ಮೊದಲೇ ಅವರ ಪರಿಚಯ ಮಾಡಿಸಿ ಆಗಿತ್ತು. ಅವರು ಕನ್ನಡಕ ಏರಿಸಿ, ಬೆರಳಚ್ಚು ಓದುವ ಅದೇ ಧ್ವನಿಯಲ್ಲಿ ಓದಿದರು. ಈ ಸಂಪರ್ಕ ಸುರಕ್ಷಿತವಲ್ಲ. ಈ ತಾಣ ತಾನು ಯಾರೆಂದು ಹೇಳುತ್ತದೋ ಅದನ್ನು ನಂಬುವಂತಿಲ್ಲ. ನಿಮ್ಮ ಮಾಹಿತಿ ಕದಿಯುವ ಪ್ರಯತ್ನ ನಡೆಯುತ್ತಿರಬಹುದು. ಹಿಂದಕ್ಕೆ ಹೋಗಿ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಆದರೂ ಮುಂದುವರಿಯುವುದಾದರೆ ಇಲ್ಲಿ ಒತ್ತಿ.

"ನಾನು ಕಳ್ಳನಾ?" ಎಂದರು ಮಾವ.

"ಹಾಗಲ್ಲ ಮಾವ. ಪರಿಚಯ ಇಲ್ಲದವರಿಗೆ ಹೀಗೆ ಹೇಳ್ತದೆ. ನೀವು ಹೋಗಿ ಹಾಕಿಕೊಟ್ಟ ಮನೆಗಳಲ್ಲಿ ಬರುವುದಿಲ್ಲ."

"ಹೋಗದ ಮನೆಯಲ್ಲಿ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆ ನೋಡಿದರು.

"ಹೋಗದ ಮನೆಯಲ್ಲಿ ಬರ್ತದೆ" ಎಂದೆ. "ಹಳೆಯ ಕಂಪ್ಯೂಟರಾದರೆ ತೆರೆದಾಗಲೆಲ್ಲ ಬರ್ತದೆ."

"ಅವನದ್ದು ಹಳೆಯದೇ" ಎಂದರು ಅತ್ತೆ ಗೋಡೆಗೆ.

"ಹಾಗಾದರೆ ಅವ ಇದನ್ನು ದಿನಾ ಓದ್ತಾನಾ?"

"ಓದಿಯೇ ಒಳಗೆ ಬರಬೇಕು ಮಾವ. ಬೇರೆ ಬಾಗಿಲಿಲ್ಲ."

ಮಾವ ಫೋನನ್ನು ಮಡಿಲಲ್ಲಿಟ್ಟುಕೊಂಡರು. ಹೊರಗೆ ಯಾರದೋ ಆಡು ಕೂಗುತ್ತಿತ್ತು. ಅಂದು ಮದುವೆಯಲ್ಲಿ 'ಯಾರೂ ನಂಬಬೇಡಿ' ಎಂದಿದ್ದವರು ಬೆಳ್ತಂಗಡಿ. ಈಗ ಅದೇ ಮಾತನ್ನು ಯಂತ್ರವೊಂದು ದಿನವೂ ಬೆಳ್ತಂಗಡಿಗೇ ಹೇಳುತ್ತಿತ್ತು, ಬೆಳ್ತಂಗಡಿ ದಿನವೂ ಅದನ್ನು ದಾಟಿ ಒಳಗೆ ಬರುತ್ತಿದ್ದರು. ಮಾವನ ಮುಖದಲ್ಲಿ ಈ ಲೆಕ್ಕ ನಡೆಯುತ್ತಿರುವುದು ನನಗೆ ಕಾಣುತ್ತಿತ್ತು. ಗಣಿತದ ಮಾಸ್ಟ್ರಿಗೆ ಅಷ್ಟು ಸಣ್ಣ ಲೆಕ್ಕಕ್ಕೆ ಅಷ್ಟು ಹೊತ್ತು ಬೇಕಾದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಕೊನೆಗೆ, "ನಾಳೆ ಬೆಳಗ್ಗಿನ ಬಸ್ಸಿಗೆ ಹೋಗುವ" ಎಂದರು.

"ಎಲ್ಲಿಗೆ?" ಎಂದು ಅತ್ತೆ ಕೇಳಿದರು. ಅತ್ತೆಗೆ ಗೊತ್ತಿತ್ತು. ಆದರೂ ಕೇಳಬೇಕಲ್ಲ.

"ಒಂದು ಮನೆಗೆ ಹೇಳಿಕೆ ಬಾಕಿ ಉಂಟು."

ಮರುದಿನ ನಾನು ಬಂಟ್ವಾಳದಲ್ಲಿ ಅವರನ್ನು ಸೇರಿಕೊಂಡಾಗ ಅತ್ತೆ ಮದುವೆಗೆ ಉಡುವಂಥ ಸೀರೆ ಉಟ್ಟಿದ್ದರು. ಮಾವ ಬೆಳ್ತಂಗಡಿ ಬೋರ್ಡಿನ ಬಸ್ಸಿಗೆ ಎದುರಾಗಿ ನಿಂತಿದ್ದರು. ಎಲೆಯಡಿಕೆಯ ಚೀಲದಲ್ಲಿ ಪೆನ್‌ಡ್ರೈವು ಉಂಟೋ ಇಲ್ಲವೋ ಎಂದು ದಾರಿಯುದ್ದಕ್ಕೂ ಮುಟ್ಟಿ ನೋಡುತ್ತಿದ್ದರು. ಇನ್ನೊಂದು ಕೈಯಲ್ಲಿ ಮುಚ್ಚಳ, ಹಿಡಿ ಇರುವ ದೊಡ್ಡದೊಂದು ತೂಕುಪಾತ್ರೆ. ಅದರಲ್ಲೇನು ಎಂದು ನಾನು ಕೇಳಿದ್ದಕ್ಕೆ ಮಾವ ಕಿಟಕಿಯ ಹೊರಗೆ ನೋಡಿದರು. ಅತ್ತೆ ನನ್ನ ಕಿವಿಯಲ್ಲಿ, "ಕಾಯಿಹಾಲು. ಬೆಳಗ್ಗೆ ಅವರೇ ಎದ್ದು ಹಿಂಡಿದ್ದು" ಎಂದರು.

ಬೆಳ್ತಂಗಡಿಯವರು ಜಗಲಿಯಲ್ಲೇ ಇದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟರು. ಮಾವ ಕಾಲು ತೊಳೆದು ಮೆಟ್ಟಿಲು ಹತ್ತಿದರು. ಅತ್ತೆ ಅವರ ಹಿಂದೆಯೇ ಹತ್ತಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಸೀದಾ ಅಡುಗೆಮನೆಗೆ ಹೋದರು. ಮಾವ ತೂಕುಪಾತ್ರೆಯನ್ನು ಭಾವಮೈದುನನ ಎದುರು ಇಟ್ಟರು.

"ತಡ ಆಯಿತು" ಎಂದರು.

ಬೆಳ್ತಂಗಡಿಯವರು ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು. "ಅವತ್ತು ನಾನು ಹಾಗೆ ಹೇಳಬಾರದಿತ್ತು ಭಾವ" ಎಂದರು.

ಮಾವ ಚೀಲದಿಂದ ಪೆನ್‌ಡ್ರೈವು ತೆಗೆದರು. "ಕಂಪ್ಯೂಟರು ಎಲ್ಲುಂಟು? ಸರ್ಟಿಫಿಕೇಟು ಹಾಕುವ. ಇನ್ನು ಆ ಕೆಂಪು ಬರುವುದಿಲ್ಲ."

"ಬೇಡ" ಎಂದರು ಬೆಳ್ತಂಗಡಿಯವರು.

ಮಾವನ ಕೈ ಅಲ್ಲೇ ನಿಂತಿತು.

"ಹಾಕಿದರೆ ಅದು ಮುಂದುವರಿಯುವುದಾ ಅಂತ ಕೇಳುವುದಿಲ್ಲ ಅಲ್ಲವಾ?" ಬೆಳ್ತಂಗಡಿಯವರು ನನ್ನ ಕಡೆ ತಿರುಗಿ ಕೇಳಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. "ಹಾಗಾದರೆ ಬೇಡ. ಅದು ದಿನಾ ಕೇಳಲಿ. ಇವರನ್ನು ನಂಬಬೇಡ ಅಂತ ದಿನಾ ಹೇಳಲಿ. ನಾನು ದಿನಾ ನಂಬ್ತೇನೆ ಅಂತ ಒತ್ತಬೇಕು. ಅವತ್ತು ಅಷ್ಟು ಜನರೆದುರು ಹೇಳಿದ್ದಲ್ಲವಾ, ಒಂದು ಸಲ ಒತ್ತಿದರೆ ಮುಗಿಯುವುದಿಲ್ಲ."

ಮಾವ ಪೆನ್‌ಡ್ರೈವನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಎಲೆಯಡಿಕೆಯ ಚೀಲದಲ್ಲಿ ಹಾಕಿ ದಾರ ಬಿಗಿದರು. ಕನ್ನಡಕ ತೆಗೆದು ಒರೆಸಿದರು. ಅದು ಒದ್ದೆಯಾಗಿದ್ದದ್ದು ಮಳೆಯಿಂದಲ್ಲ. ಅವತ್ತು ಬೆಳ್ತಂಗಡಿಯಲ್ಲಿ ಬಿಸಿಲಿತ್ತು.

"ಸರ್ಟಿಫಿಕೇಟು ಒಂದೇ ವರ್ಷದ್ದು" ಎಂದರು ಮಾವ. "ಬರುವ ವರ್ಷ ಹೊಸತು ಮಾಡ್ತೇನೆ. ಆಗ ಹಾಕಲಿಕ್ಕೆ ಮೊದಲು ನಿನ್ನ ಮನೆಗೇ ಬರ್ತೇನೆ."

"ಬನ್ನಿ ಭಾವ" ಎಂದರು ಬೆಳ್ತಂಗಡಿಯವರು. "ಆಗಲೂ ಬೇಡ ಅಂತೇನೆ."